ವಾಯರಿನ ಮೇಲಿನ ಬೂದಿ

"ಕತ್ತರಿಸು. ಆದ್ರ ಆ ಜೋಡಣಿಗೆ ಇಕ್ಕಳ ತಾಗಿತಂದ್ರ ನೋಡು ಮತ್ತ!"

ನಾನು ಗದರಿದ ರಭಸಕ್ಕೆ ರಾಜಮಹ್ಮದ ಇಕ್ಕಳವನ್ನು ಹಿಂದಕ್ಕೆಳೆದುಕೊಂಡ. ಅವನ ಒಂದು ಕೈಗೆ ಬೇಡಿ. ಬೇಡಿಯ ಸರಪಳಿ ಹೆಡ್ ಕಾನ್‌ಸ್ಟೇಬಲ್ ಅಮಸಿದ್ದಪ್ಪನ ಮುಷ್ಟಿಯಲ್ಲಿ. ಇನ್ನೊಂದು ಕೈಯಲ್ಲಿ ಇಕ್ಕಳ ಹಿಡಿದು, ಹಿಂದಿನ ತಗಡು ಬಿಚ್ಚಿದ ವಾಷಿಂಗ್ ಮಷಿನ್ನಿನ ಹೊಟ್ಟೆಯೊಳಗೆ ಅವನು ತಲೆ ತೂರಿಸಿದ್ದ.

"ಮೇಡಂ, ಒಂದ ಕೈಲೆ ಹೆಂಗ್ರಿ? ಬೇಡಿ ಬಿಚ್ಚಸ್ರಿ."

"ಬಿಚ್ಚಾಕ ಬರೂದಿಲ್ಲ," ಎಂದ ಅಮಸಿದ್ದಪ್ಪ. "ಸಾಹೇಬ್ರ ಆರ್ಡರ್ ಐತಿ."

"ಹಂಗಾದ್ರ ವಾಯರ್ ನೀ ಹಿಡ್ಕೊ. ಸರಕಾರಿ ಕೈ, ಗಟ್ಟಿ ಇರತೈತಿ," ಎಂದೆ.

ಅಮಸಿದ್ದಪ್ಪ ವಾಯರನ್ನು ನೋಡಿದ, ನನ್ನನ್ನು ನೋಡಿದ, ಗೋಡೆಯ ಸ್ವಿಚ್ಚನ್ನು ನೋಡಿದ. ಆಮೇಲೆ ಜೇಬಿನಿಂದ ಕೀಲಿ ತೆಗೆದು ಬೇಡಿ ಬಿಚ್ಚಿದ.

ಇಳಕಲ್ಲಿನ ಸೀರೆ ವ್ಯಾಪಾರಿ ಸೋಮಲಿಂಗನ ಮನೆಯ ಹಿಂದಿನ ಪಡಸಾಲೆ ಅದು. ಮೊನ್ನೆ ಬೆಳಿಗ್ಗೆ ಇದೇ ಮಷಿನ್ನು ಮುಟ್ಟಿ ಅವನ ಹೆಂಡತಿ ಸುಮಾ ಕರೆಂಟು ಹೊಡೆದು ಬಿದ್ದಿದ್ದಳು. ಅದರ ಹಿಂದಿನ ದಿನ ಮಷಿನ್ನಿನ ಬೇರಿಂಗ್ ಬದಲಿಸಿ ಹೋದವನು ರಾಜಮಹ್ಮದ. ಪೊಲೀಸರಿಗೆ ಇಷ್ಟು ಸಾಕಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ. ನಾನೂ ಖಾಕಿ ಉಟ್ಟೇ ನಿವೃತ್ತಳಾದವಳು, ಅದಕ್ಕೇ ಬೈಯುವ ಹಕ್ಕಿದೆ.

ಸಂಜೆಯೊಳಗೆ ಅವನನ್ನು ಹುನಗುಂದದ ಕೋರ್ಟಿಗೆ ಒಯ್ಯುತ್ತಾರೆ. ಬಾಗಲಕೋಟೆಯ ದವಾಖಾನೆಯಲ್ಲಿ ಎಚ್ಚರ ತಪ್ಪಿ ಮಲಗಿರುವ ಸುಮಾ ಕಣ್ಣು ತೆರೆಯದೆ ಹೋದರೆ, ಅವನ ಮೇಲೆ ಬೀಳುವುದು ಸಾವಿನ ಕೇಸು. ಅವನ ಹೆಂಡತಿ ಲಾಲಬಿ ಬಾಗಲಕೋಟೆಯ ವಿದ್ಯಾಗಿರಿಗೆ ಬಂದು ನನ್ನ ಮನೆ ಬಾಗಿಲಲ್ಲೇ ಕುಳಿತುಬಿಟ್ಟಿದ್ದಳು. "ಸತ್ಯವ್ವಾರ, ನನ್ನ ಗಂಡ ಮರಗುಳಿ ಅನ್ರಿ, ಜಗಳಗಂಟ ಅನ್ರಿ, ಒಪ್ಪತೇನಿ. ಆದ್ರ ಕೆಲಸದಾಗ ಕೈ ತಪ್ಪಾಂವಲ್ಲ." ಆ ಮಾತಿಗೇ ನಾನು ಮಂಡಿನೋವು ಮರೆತು ಬಸ್ಸು ಹತ್ತಿದ್ದು.

ಕಟ್ ಎಂದಿತು ಇಕ್ಕಳ. ಕರಿ ಟೇಪು ಸುತ್ತಿದ ಗೇಣುದ್ದದ ವಾಯರು ನನ್ನ ಕರವಸ್ತ್ರಕ್ಕೆ ಬಂತು. ಅದನ್ನು ಬಿಚ್ಚಲಿಲ್ಲ, ಮಡಚಿ ಸೆರಗಿನಲ್ಲಿ ಸಿಕ್ಕಿಸಿಕೊಂಡೆ. ಅದರ ಸರದಿ ಆಮೇಲೆ.

"ಈಗ ನಿಜ ಹೆಂಗ ಇರಬೇಕಿತ್ತೋ ಹಂಗ ಜೋಡಿಸು," ಎಂದೆ. "ಮಷಿನ್ನು ನಡಸೋಣ."

"ನಡಸೂದಾ?" ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಸೋಮಲಿಂಗ ಮುಂದೆ ಬಂದ. ಬಿಳಿ ಅಂಗಿ, ಇಸ್ತ್ರಿ ಮುರಿಯದ ಧೋತರ, ಹಣೆಯ ಮೇಲೆ ನೇರವಾದ ವಿಭೂತಿ. "ಮೇಡಂ, ನನ್ನ ಹೆಂಡತಿ ಜೀವ ಹಿಡ್ಕೊಂಡ್ ಮಲಗ್ಯಾಳ. ಈ ಶನಿ ಇನ್ನ ಮನ್ಯಾಗ ಬ್ಯಾಡ ಅಂತ ಗುಜರಿಯವನ್ನ ಕರಸೀನಿ. ಹೊರಗ ಗಾಡಿ ನಿಂತೈತಿ. ನೀವು ನೋಡಿದ್ರ ಇದನ್ನ ತಿರಗಸ್ತೇನಿ ಅಂತೀರಿ."

"ಗುಜರಿಯವಗ ಚಹಾ ಕುಡಸ್ರಿ. ಇದು ಇನ್ನ ಕೇಸಿನ ವಸ್ತು."

ಅವನು ಮಾತು ಬೆಳೆಸಲಿಲ್ಲ. ಮರ್ಯಾದಸ್ತ ಮನುಷ್ಯ. ನಾನು ಬಂದಾಗಿನಿಂದ ಎರಡು ಸಲ ಚಹಾ, ಒಂದು ಸಲ ಕರದಂಟು ಕೊಡಿಸಿದ್ದ. ಆದರೂ ಮಷಿನ್ನಿನ ಕಡೆ ಅವನು ನೋಡುತ್ತಿದ್ದ ರೀತಿ ನನಗೆ ಹಿಡಿಸಿರಲಿಲ್ಲ. ಹೆಂಡತಿಗೆ ಕರೆಂಟು ಹೊಡೆದ ವಸ್ತುವಿನ ಮೇಲೆ ಸಿಟ್ಟು ಬರಬೇಕು. ಇವನಿಗೆ ಬರುತ್ತಿದ್ದುದು ಅವಸರ.

"ರಾಜಮಹ್ಮದ, ಬೇರಿಂಗ್ ಬದಲಿಸಿದ ಮ್ಯಾಲ ಕರೆಂಟ್ ಹೊಡೀಬೇಕಂದ್ರ ಏನೇನ್ ಕಾರಣ ಇರತಾವ? ನಿನ್ನ ವಿರುದ್ಧನ ಹೇಳು. ಮುಚ್ಚಬ್ಯಾಡ."

ಅವನು ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡ. "ಬೇರಿಂಗಿನ ಮುಂದ ರಬ್ಬರ್ ಸೀಲ್ ಇರತೈತ್ರಿ. ಅದು ಸರಿ ಕೂಡ್ಲಿಲ್ಲ ಅಂದ್ರ ನೀರು ಸೋರಿ ಮೋಟರ್ ಮ್ಯಾಲ ಬೀಳತೈತಿ. ಅದೊಂದು. ತೂಕದ ಕಲ್ಲಿನ ಬೋಲ್ಟ್ ಸಡಿಲ ಬಿಟ್ರ ಮಷಿನ್ನು ಕುಣೀತೈತಿ, ಕುಣದು ವಾಯರ್ ತಗಡಿಗೆ ಉಜ್ಜಿ ಮ್ಯಾಲಿನ ಸಿಪ್ಪಿ ಹೋಗತೈತಿ. ಇಲ್ಲಾಂದ್ರ ಟಬ್ ಕೂಡಿಸುವಾಗ ವಾಯರ್ ಸಂದ್ಯಾಗ ಸಿಕ್ಕೊಂಡಿರತೈತಿ."

"ಮೂರೂ ನೋಡೋಣ."

ನೆಲ ಒರೆಸಿಸಿ, ಮಷಿನ್ನಿನ ಕೆಳಗೆ ಹಳೆಯ ಪೇಪರು ಹಾಸಿಸಿದೆ. ಒಂದು ಹನಿ ಬಿದ್ದರೂ ಕಾಣಬೇಕು. ಮೇಲೆ ಹಿತ್ತಾಳೆಯ ತಂಬಿಗೆಯಲ್ಲಿ ಕಂಠದವರೆಗೆ ನೀರು ತುಂಬಿ ಇಟ್ಟೆ. ಒಳಗೆ ಎರಡು ಹಾಸಿಗೆ ಹೊದಿಕೆ ತುರುಕಿದೆವು. ಅಮಸಿದ್ದಪ್ಪ ಪಡಸಾಲೆಯ ಕಟ್ಟೆಯ ಮೇಲೆ ಹತ್ತಿ ಕುಳಿತ, ಕಾಲು ಕೂಡ ಮೇಲೆತ್ತಿಕೊಂಡ.

ರಾಜಮಹ್ಮದ ಮೊದಲು ಡ್ರಮ್ಮನ್ನು ಕೈಯಿಂದ ತಿರುವಿದ. ಗರಗರ ಇಲ್ಲ. ಒಮ್ಮೆ ತಳ್ಳಿದರೆ ತಾನೇ ತಿರುಗಿ ತಿರುಗಿ ನಿಂತಿತು. ಅವನ ಮುಖ ಸ್ವಲ್ಪ ಅರಳಿತು. ಜೈಲಿಗೆ ಹೊರಟವನಿಗೂ ತನ್ನ ಕೆಲಸ ಚೆನ್ನಾಗಿದ್ದರೆ ಖುಷಿ.

ಸ್ವಿಚ್ ಹಾಕಿದ. ಟೆಸ್ಟರಿನ ತುದಿಯನ್ನು ತಗಡಿಗೆ ಹಚ್ಚಿದ. ದೀಪ ಹತ್ತಲಿಲ್ಲ. ಬಾಗಿಲಿಗೆ, ಮೂಲೆಗೆ, ಸ್ಕ್ರೂಗಳಿಗೆ ಹಚ್ಚಿದ. ಎಲ್ಲಿಯೂ ಕರೆಂಟಿಲ್ಲ. ಆಮೇಲೆ ತನ್ನ ಅಂಗೈಯನ್ನೇ ಮಷಿನ್ನಿನ ಮೇಲಿಟ್ಟು ನನ್ನ ಕಡೆ ನೋಡಿದ.

"ಲೇ ಹುಚ್ಚಾ, ಕೈ ತಗೀಲೇ!" ಎಂದು ಕಟ್ಟೆಯ ಮೇಲಿಂದ ಅಮಸಿದ್ದಪ್ಪ ಕೂಗಿದ.

ನೀರು ತುಂಬಿತು, ಡ್ರಮ್ಮು ತಿರುಗಿತು, ನೀರು ಖಾಲಿಯಾಯಿತು. ಕೊನೆಗೆ ಹಿಂಡುವ ವೇಗ ಬಂತು. ಬೋಲ್ಟು ಸಡಿಲವಿದ್ದರೆ ಇಲ್ಲಿಯೇ ಬಣ್ಣ ಬಯಲಾಗಬೇಕು. ತಂಬಿಗೆಯ ನೀರು ಅಲುಗಿತು, ತುಳುಕಲಿಲ್ಲ. ಕೆಳಗಿನ ಪೇಪರು ಒಣಗಿದಂತೆಯೇ ಇತ್ತು.

"ಮುಂಚೆ ಇದು ತಿರಗಾಕ ಹತ್ತಿದ್ರ ಓಣಿ ಮಂದಿ ಎಲ್ಲಾ ಹಿಟ್ಟಿನ ಗಿರಣಿ ಚಾಲೂ ಆತು ಅಂತಿದ್ರು," ಎಂದಳು ಶೇಖವ್ವ. ಸೋಮಲಿಂಗನ ತಾಯಿ. ಮಗ ಊರಿಗೆ ಹೋಗಿದ್ದಾಗ ರಾಜಮಹ್ಮದನನ್ನು ಕರೆಸಿದ್ದು ಅವಳೇ. "ಈಗ ನೋಡ್ರಿ, ಎಷ್ಟ ಸುಮ್ಮನ ಐತಿ. ಪಾಪ, ಅಂವ ಕೆಲಸ ಛಲೋ ಮಾಡ್ಯಾನ."

"ಹಂಗಾದ್ರ ಕೇಳು, ಅಮಸಿದ್ದಪ್ಪ," ಎಂದೆ. "ಬೇರಿಂಗ್ ಸರಿ, ಸೀಲ್ ಸರಿ, ತೂಕ ಸರಿ. ರಿಪೇರಿಯೊಳಗ ದೋಷ ಇಲ್ಲ. ದೋಷ ಇದ್ದದ್ದು ಇಲ್ಲಿ."

ಕರವಸ್ತ್ರ ಬಿಚ್ಚಿದೆ.

ಮಷಿನ್ನಿನ ತಗಡಿಗೆ ಕೂಡಿಸುವ ಹಸಿರು ವಾಯರು ಒಂದಿರುತ್ತದೆ. ಕರೆಂಟು ಹಾದಿ ತಪ್ಪಿದರೆ ಅದನ್ನು ನೆಲಕ್ಕೆ ಒಯ್ಯುವುದು ಅದರ ಕೆಲಸ. ಇಲ್ಲಿ ಆ ಹಸಿರು ವಾಯರನ್ನು ಪ್ಲಗ್ಗಿನ ಕಡೆಯಿಂದ ಕತ್ತರಿಸಿ, ಕರೆಂಟು ಬರುವ ಕೆಂಪು ವಾಯರಿಗೇ ಹೊಸೆದಿದ್ದರು. ಗೋಡೆಯ ಸ್ವಿಚ್ ಹಾಕಿದರೆ ಸಾಕು, ಮಷಿನ್ನಿನ ಮೈತುಂಬ ಸಾವು.

"ಇದು ನಂದಲ್ರಿ," ಎಂದ ರಾಜಮಹ್ಮದ. "ಬೇರಿಂಗ್ ಹಾಕಾಂವಗ ಆ ಮೂಲಿಗೆ ಕೈ ಹಚ್ಚೂ ಕೆಲಸನ ಇಲ್ಲ."

"ಕಳ್ಳ ಕದ್ದೀನಿ ಅಂತಾನೇನು?" ಎಂದ ಅಮಸಿದ್ದಪ್ಪ.

ನಾನು ಟೇಪು ಸುಲಿಯತೊಡಗಿದೆ. ಕೊನೆಯ ಸುತ್ತು ಬಿಟ್ಟುಕೊಂಡಾಗ ಬಿಳಿಯ ಕರವಸ್ತ್ರದ ಮೇಲೆ ಬೂದುಬಣ್ಣದ ಹುಡಿ ಉದುರಿತು. ಬೆರಳಿನಿಂದ ತಿಕ್ಕಿ ನೋಡಿದೆ. ಧೂಳಲ್ಲ. ಬೂದಿ. ಸಣ್ಣಗೆ ಜರಡಿ ಹಿಡಿದ ಒಲೆಯ ಬೂದಿ.

ವಾಯರಿಗೆ ಬೂದಿ ಯಾರಾದರೂ ಹಚ್ಚುತ್ತಾರೆಯೇ? ಇಲ್ಲ. ಬೆರಳಿಗೆ ಹಚ್ಚಿಕೊಳ್ಳುತ್ತಾರೆ. ನೇಕಾರರ ಮನೆಯ ಯಾರನ್ನು ಕೇಳಿದರೂ ಹೇಳುತ್ತಾರೆ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದದ ಎಳೆಗಳು, ಮುಗಿಯುತ್ತ ಬಂದಾಗ ಹಳೆಯ ಎಳೆಗೆ ಹೊಸ ಎಳೆ ಸೇರಿಸಿ ಹೊಸೆಯಬೇಕು. ಇದಕ್ಕೆ ಕೆಚ್ಚುವುದು ಅನ್ನುತ್ತಾರೆ. ಬೆರಳು ಜಾರಬಾರದೆಂದು ಬೂದಿ. ಗಂಟು ಹಾಕುವುದಿಲ್ಲ. ಹೊಸೆದು, ತುದಿಯನ್ನು ಹಿಂದಕ್ಕೆ ಮಡಚಿ, ಎಳೆಯ ಮೈಮೇಲೆಯೇ ಮಲಗಿಸಿ ಇನ್ನೊಮ್ಮೆ ಹೊಸೆಯುತ್ತಾರೆ.

ನನ್ನ ಮುಂದಿದ್ದ ತಾಮ್ರದ ತಂತಿಯೂ ಹಾಗೆಯೇ ಮಡಚಿ ಮಲಗಿತ್ತು.

"ರಾಜಮಹ್ಮದ, ನೀ ಎಂದರ ಮಗ್ಗ ಮುಟ್ಟೀಯೇನು?"

"ಇಲ್ರಿ. ನಮ್ಮಪ್ಪ ಸೈಕಲ್ ರಿಪೇರಿ ಮಾಡತಿದ್ದ."

"ಹಂಗಾದ್ರ ಇದನ್ನ ಮಾಡಿದ ಕೈ ಈ ಮನ್ಯಾಗಿಂದು," ಎಂದೆ.

ಅಲ್ಲಿಯೇ ಕುಳಿತಿದ್ದ ಸೋಮಲಿಂಗನ ತಮ್ಮ ಶಂಭು ಹುಬ್ಬು ಗಂಟಿಕ್ಕಿ ಎದ್ದು ನಿಂತ. ಪವರ್‌ಲೂಮ್ ನೋಡಿಕೊಳ್ಳುವವನು, ಮೋಟರು ಸುಟ್ಟರೆ ತಾನೇ ಕಟ್ಟುವವನು. ಅತ್ತಿಗೆಯ ಜೊತೆ ಮಾತು ಬಿಟ್ಟು ತಿಂಗಳುಗಳಾಗಿದ್ದವು. ಅಲ್ಲಿಯವರೆಗೆ ನನ್ನ ಕಣ್ಣು ಇದ್ದುದೂ ಇವನ ಮೇಲೆಯೇ.

"ನನ್ನ ಯಾಕ ನೋಡತೀರಿ?" ಎಂದ.

"ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಯಾಕ ಮುಟ್ಟಿ ನೋಡ್ಕೋತಿ? ಕೂಡು. ಎಲ್ಲಾರೂ ಕೂಡ್ರಿ. ಅಕ್ಕಾರ, ಒಂದ ಬಟ್ಟಲ ಬೂದಿ, ಒಂದಿಷ್ಟ ರೇಷ್ಮಿ ಎಳಿ ತರ್ರಿ."

ಶೇಖವ್ವ ಎದ್ದು ಹೋಗಿ ತಂದಳು. ಅವಳ ಕೈ ಬೂದಿಯಲ್ಲಿ ಆಡುವುದನ್ನು ನೋಡಿದರೆ ಆ ಕೈಗೆ ಕಣ್ಣು ಬೇಕಿರಲಿಲ್ಲ ಅನಿಸುತ್ತಿತ್ತು. ಎರಡು ತುದಿ ಹಿಡಿದಳು, ಹೊಸೆದಳು, ಮಡಚಿದಳು, ಹೊಸೆದಳು. ಕೂಡಿದ ಜಾಗ ನನಗೆ ಹುಡುಕಿದರೂ ಸಿಗಲಿಲ್ಲ.

ಶಂಭು ಎಳೆಗಳನ್ನು ಹಿಡಿದು ಗಂಟು ಹಾಕಿ ಎಸೆದ. "ಪವರ್‌ಲೂಮಿನ್ಯಾಗ ಯಾಂವ ಕೆಚ್ಚತಾನ್ರಿ? ಗಂಟ ಹಾಕೂದು, ಚಾಲೂ ಮಾಡೂದು. ನನಗ ಬರೂದ ಇಲ್ಲ."

"ಖರೆ ಐತಿ," ಎಂದಳು ತಾಯಿ. "ಸಣ್ಣಾಂವಿದ್ದಾಗಿಂದ ಮೈಗಳ್ಳ."

ಸೋಮಲಿಂಗ ನಕ್ಕ, ಕೈ ಮುಂದೆ ಮಾಡಲಿಲ್ಲ. "ನಾ ವ್ಯಾಪಾರಸ್ಥ, ಮೇಡಂ. ಇದು ಹೆಣ್ಮಕ್ಕಳ ಕೆಲಸ."

ಒಪ್ಪುವ ಮಾತೇ. ಎಲ್ಲರ ಕಣ್ಣು ಶೇಖವ್ವನ ಕಡೆ ತಿರುಗಿತು. ಉಳಿದವಳು ಅವಳೊಬ್ಬಳೇ. ಮುದುಕಿಯ ಮುಖ ಬಿಳಿಚಿಕೊಂಡಿತು.

ನಾನು ತಂತಿಯನ್ನು ಬೆಳಕಿಗೆ ಹಿಡಿದೆ. ನಮ್ಮದು ಕುರಿ ಕಾಯುವ ಬೀರಪ್ಪನ ಒಕ್ಕಲು. ಮನೆಯಲ್ಲಿ ಅಜ್ಜಿ ತೊಡೆಯ ಮೇಲೆ ಉಣ್ಣೆ ಹೊಸೆಯುವುದನ್ನು ನೋಡುತ್ತ ಬೆಳೆದವಳು ನಾನು. ನೂಲಿಗೆ ಒಂದು ಮಗ್ಗುಲು ಇರುತ್ತದೆ ಎನ್ನುವುದು ನನಗೆ ಗೊತ್ತು. ಶೇಖವ್ವ ಹೊಸೆದ ರೇಷ್ಮೆಯನ್ನೂ ತಂತಿಯನ್ನೂ ಪಕ್ಕಪಕ್ಕ ಇಟ್ಟೆ. ಒಂದರ ಸುತ್ತು ಬಲಕ್ಕೆ ಇಳಿದಿತ್ತು. ಇನ್ನೊಂದರದು ಎಡಕ್ಕೆ.

"ಅಕ್ಕಾರ, ಇದು ನಿಮ್ಮದಲ್ಲ. ನೋಡಿ ಹೇಳ್ರಿ, ಯಾರದು?"

ಅವಳು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಉಗುರಿನಿಂದ ಒಮ್ಮೆ ಸವರಿದಳು. ತಕ್ಷಣ ಕೆಳಗಿಟ್ಟುಬಿಟ್ಟಳು.

"ನನಗ ಕಣ್ಣು ಕಾಣೂದಿಲ್ಲವ್ವಾ."

"ಈಗಷ್ಟ ಕೂದಲಿನಂಥಾ ಎಳಿ ಕೆಚ್ಚಿದ್ರಿ. ಹೇಳ್ರಿ. ಇಲ್ಲಾಂದ್ರ ಸಂಜಿಗೆ ಈ ಮನುಷ್ಯ ಜೈಲಿಗೆ ಹೋಗತಾನ. ಇವನ ಹೆಂಡತಿ ಲಾಲಬಿ ಠಾಣೆ ಮುಂದ ಕುಂತಾಳ, ಊಟ ಬಿಟ್ಟಾಳ."

ಶೇಖವ್ವ ರಾಜಮಹ್ಮದನನ್ನು ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಎಡಗೈ ಕೆಚ್ಚು ಇದು," ಎಂದಳು ಕೊನೆಗೆ. "ಎಡಗೈಲೆ ಹೊಸದ್ರ ಸುತ್ತು ತಿರುವು ಮುರುವು ಬೀಳತೈತಿ. ನೂಲಿನ ಸುತ್ತು ಒಂದ ಕಡೆ, ಕೆಚ್ಚಿನ ಸುತ್ತು ಒಂದ ಕಡೆ ಆಗಿ ನೇಯುವಾಗ ಬಿಚ್ಚಿ ಹೋಗತೈತಿ. ಎಡಗೈಲೆ ಹಾಸು ಮುಟ್ಟಬ್ಯಾಡ ಅಂತ ಎಷ್ಟ ಬಡ್ಕೊಂಡೆ. ಕೇಳಲಿಲ್ಲ. ಕಡೀಕ ಮಗ್ಗದ ಮನಿಗೆ ಬರಬ್ಯಾಡ ಅಂದೆ."

"ಯಾರಿಗಂದ್ರಿ?"

"ಸುಮಾಗ."

ಅಮಸಿದ್ದಪ್ಪ ಕಟ್ಟೆಯಿಂದ ಇಳಿದ. "ಏನ್ ಮಾತಂತ ಆಡತೀಯಬೇ ಮುದುಕಿ? ಕರೆಂಟ್ ಹೊಡಸ್ಕೊಂಡಾಕಿ ಆಕಿನ!"

ನನಗೆ ನಿನ್ನೆ ದವಾಖಾನೆಯಲ್ಲಿ ಕಂಡದ್ದು ನೆನಪಾಯಿತು. ಸುಮಾಳ ಬಲಗೈಗೆ ಪಟ್ಟಿ. ಎಚ್ಚರವಿಲ್ಲದಿದ್ದರೂ ಅವಳ ಎಡಗೈಯ ಹೆಬ್ಬೆರಳು ತೋರುಬೆರಳ ಮೇಲೆ ಏನನ್ನೋ ಹೊಸೆಯುತ್ತಿತ್ತು. ನರಗಳ ಸೆಳೆತ ಎಂದಿದ್ದಳು ನರ್ಸು. ನಾನೂ ನಂಬಿ ಬಂದಿದ್ದೆ.

"ಅಕ್ಕಾರ, ಮೊನ್ನೆ ಮುಂಜಾನಿ ಏನಾತು? ಮೊದಲಿಂದ ಹೇಳ್ರಿ."

"ರಾತ್ರಿ ಊರಿಂದ ಬಂದಿದ್ದ ಸೋಮಲಿಂಗ ಎದ್ದು ಸ್ವಿಚ್ ಹಾಕಿದ. ದಿನಾ ಅವನ ಹಾಕೂದು. ಮಷಿನ್ನು ಮುಟ್ಟಾಕ ಮನ್ಯಾಗ ಯಾರಿಗೂ ಬಿಡೂದಿಲ್ಲ. ತನ್ನ ಅರಬಿ ತಾನ ಹಾಕಿ ತಾನ ತಗೀತಾನ. ಅಷ್ಟರಾಗ ಹೊರಗ ಫೋನ್ ಬಂತು, ಹಂಗ ಬಿಟ್ಟು ಹೋದ. ನಾ ಒಂದ ಸೀರಿ ಹಾಕಬೇಕಂತ ಬಾಗಲಾ ತಗ್ಯಾಕ ಹೋದೆ. ಎಲ್ಲಿದ್ಲೋ ಏನೋ, ಓಡಿ ಬಂದು ನನ್ನ ನೂಕಿಬಿಟ್ಲು. ನಾ ಅಲ್ಲಿ ಬಿದ್ದೆ. ತಾ ಜೋಲಿ ಹೋಗಿ ಮಷಿನ್ನಿನ ಮ್ಯಾಲ..." ಮುದುಕಿ ನನ್ನ ಮುಖವನ್ನೇ ನೋಡುತ್ತ ನಿಧಾನವಾಗಿ ಕುಸಿದು ಕುಳಿತಳು. "ಅತ್ತಿನ್ನ ನೂಕಿದ್ಲು ಅಂತ ಓಣಿತುಂಬ ಬೈದೆನಲ್ಲವ್ವಾ. ಆಕಿಗೆ ಗೊತ್ತಿತ್ತು. ನನ್ನ ಉಳಸಾಕ ನೂಕಿದ್ಲು."

ಹೌದು. ಅವಳಿಗೆ ಗೊತ್ತಿತ್ತು. ಬಲೆ ಹಾಕಿದವಳು ಅವಳೇ. ಅದರಲ್ಲಿ ಬೀಳಬೇಕಿದ್ದವರು ಅತ್ತೆಯಲ್ಲ. ದಿನಾ ಆ ಮಷಿನ್ನು ಮುಟ್ಟುವವನು ಒಬ್ಬನೇ.

ಯಾಕೆ? ಗಂಡನನ್ನು ಕೊಲ್ಲುವಂಥದ್ದು ಒಂದೇ ರಾತ್ರಿಯಲ್ಲಿ ಆ ಹುಡುಗಿಗೆ ಏನು ತಿಳಿಯಿತು? ಹಿಂದಿನ ದಿನ ಈ ಮನೆಯಲ್ಲಿ ನಡೆದದ್ದು ಬೇರಿಂಗ್ ರಿಪೇರಿ, ಅಷ್ಟೇ.

ನಾನು ರಾಜಮಹ್ಮದನ ಕಡೆ ತಿರುಗಿದೆ. ಅವನು ನೆಲ ನೋಡುತ್ತಿದ್ದ. ತನ್ನ ಬಿಡುಗಡೆಯ ಮಾತು ಬಂದಾಗ ನೆಲ ನೋಡುವ ಆರೋಪಿಯನ್ನು ನನ್ನ ಜೀವಮಾನದಲ್ಲಿ ಕಂಡಿಲ್ಲ.

"ನೀ ಏನೋ ಮುಚ್ಚಿಟ್ಟೀದಿ."

"ಇಲ್ರಿ."

"ರಾಜಮಹ್ಮದ!"

"ಮಾತ ಕೊಟ್ಟೀನ್ರಿ, ಮೇಡಂ. ನನ್ನ ತಂಗಿ ವಯಸ್ಸಿನಾಕಿ, ಕೈ ಮುಗದು ಕೇಳಿದ್ಲು."

"ನಿನ್ನ ಮಾತು ಹಿಡ್ಕೊಂಡು ಲಾಲಬಿ ಬೀದಿಗೆ ಬಿದ್ದಾಳ. ಮೂಳಾ, ನಿನಗ ಅಕ್ಕಲ್ ಐತೇನು? ಬಾಯಿ ಬಿಡು!"

ಅವನ ಕಣ್ಣು ತುಂಬಿತು. ಸಿಟ್ಟೋ ದುಃಖವೋ, ಇಕ್ಕಳವನ್ನು ನೆಲಕ್ಕೆ ಒಗೆದ.

"ಬೇರಿಂಗ್ ತಗ್ಯಾಕ ಟಬ್ ಒಡೀಬೇಕ್ರಿ, ಎರಡ ಹೋಳು ಮಾಡಬೇಕು. ಒಳಗಿನ ಡ್ರಮ್ಮಿಗೂ ಹೊರಗಿನ ಟಬ್ಬಿಗೂ ನಡುವ ಸಂದಿ ಇರತೈತಿ. ಅದರಾಗ ಗುಂಡಿ, ಪಿನ್ನು, ಏನೇನೋ ಬಿದ್ದಿರತಾವ. ಇದರಾಗ ತಾಳಿ ಇತ್ರಿ."

"ತಾಳಿ?"

"ಕರಿಮಣಿ, ತಾಳಿ, ಎರಡ ಬಂಗಾರದ ಗುಂಡು. ದಾರ ಜಗ್ಗಿ ಹರದಿತ್ತು. ಅವರದ ಇರಬೇಕಂತ ಸುಮಾ ಅಕ್ಕಾರ ಕೈಯಾಗ ಕೊಟ್ಟೆ. ಅವರು ಕೊರಳ ಮುಟ್ಟಿ ನೋಡ್ಕೊಂಡ್ರು. ಅವರ ತಾಳಿ ಕೊರಳಾಗ ಇತ್ತು. ಮಷಿನ್ನು ಯಾವಾಗ ತಂದದ್ದು ಅಂತ ಕೇಳಿದ್ರು. ಪ್ರೀತಿ ಅಕ್ಕಾರ ಇದ್ದಾಗ ನಾನ ಬಂದು ಕೂಡಸೀನಿ ಅಂದೆ. ಆಮ್ಯಾಲ ಕೂತು ನನ್ನ ಕೆಲಸ ನೋಡಿದ್ರು. ಈ ಹಸರ ವಾಯರ್ ಯಾಕ, ಅದನ್ನ ತಗದ್ರ ಏನಾಗತೈತಿ ಅಂತ ಕೇಳಿದ್ರು. ನಾನ ಹೇಳಿಕೊಟ್ಟೆ. ಅದು ಜೀವ ಉಳಸೂ ವಾಯರ್ರಿ ಅಂದೆ."

ಪ್ರೀತಿ ಸೋಮಲಿಂಗನ ಮೊದಲ ಹೆಂಡತಿ. ತವರಿಗೆಂದು ಬಾದಾಮಿಯ ಬಸ್ಸು ಹತ್ತಿದಳು ಎಂದು ಅವನು ಹೇಳಿದ್ದ, ಅವಳು ತವರು ಮುಟ್ಟಲಿಲ್ಲ. ಯಾರದೋ ಜೊತೆ ಓಡಿಹೋದಳು ಎಂದು ಊರು ಮಾತಾಡಿಕೊಂಡಿತು. ಕಾಣೆಯಾಗಿದ್ದಾಳೆಂದು ದೂರು ಕೊಟ್ಟವನೂ ಸೋಮಲಿಂಗನೇ. ಆಮೇಲೆ ಅವನು ಸುಮಾಳನ್ನು ಮದುವೆಯಾದ.

ಶೇಖವ್ವ ನೆಲದ ಮೇಲೆ ತೆವಳಿಕೊಂಡೇ ರಾಜಮಹ್ಮದನ ಹತ್ತಿರ ಬಂದಳು.

"ಏ ತಮ್ಮಾ, ಒಂದ ಗುಂಡು ಚಪ್ಪಟಿ ಆಗಿತ್ತೇನು? ಹಲ್ಲ ಹತ್ತಿದಂಗ?"

"ಹೂಂನ್ರಿ. ಹಲ್ಲಿನ ಗುರುತು ಇತ್ತು."

"ಅಯ್ಯ ನನ್ನ ಹಡದವ್ವಾ!" ಮುದುಕಿ ಎದೆ ಬಡಿದುಕೊಂಡಳು. "ಪ್ರೀತಿದು ಅದು! ಚಿಂತ್ಯಾಗ ಕುಂತಾಗೆಲ್ಲ ಅದನ್ನ ಬಾಯಾಗ ಇಟ್ಕೊಂಡು ಕಚ್ಚಾಕಿ. ತಾಳಿ ಕಚ್ಚಬ್ಯಾಡ, ಗಂಡನ ಆಯುಷ್ಯ ಕಡಿಮಿ ಆಗತೈತಿ ಅಂತ ಬೈತಿದ್ದೆ. ಓಡಿಹೋದಾಕಿ ಅಂತ ಅಂದೆನಲ್ಲವ್ವಾ ಆಕಿನ್ನ. ದೇವರ ಮುಂದ ಶಾಪಾ ಹಾಕಿದ್ನಲ್ಲಾ. ತಾಳಿ ಹರಕೊಂಡು, ಇಲ್ಲಿ ಬಿಟ್ಟು, ಯಾವ ಹೆಣ್ಮಗಳು ತವರಿಗೆ ಹೋಗತಾಳ?"

ಅವಳನ್ನು ಹಿಡಿದು ಎಬ್ಬಿಸುವುದರಲ್ಲಿ, ನೀರು ಕುಡಿಸುವುದರಲ್ಲಿ ಸ್ವಲ್ಪ ಹೊತ್ತು ಹೋಯಿತು. ಪ್ರೀತಿಯನ್ನು ಮುಗಿಸಿದವನು ಕಲೆಯಾದ ಬಟ್ಟೆ ಇದರಲ್ಲಿಯೇ ತೊಳೆದಿರಬೇಕು, ಹರಿದ ತಾಳಿ ಅದರೊಡನೆ ಒಳಗೆ ಹೋಗಿರಬೇಕು. ಅವಸರದಿಂದ ಮಷಿನ್ನು ಗುಜರಿಗೆ ಹಾಕಲು ಹೊರಟವನು, ಹೆಣ್ಣುಮಕ್ಕಳು ಅದನ್ನು ಮುಟ್ಟಲು ಬಿಡದವನು, ತನ್ನ ಬಟ್ಟೆ ತಾನೇ ತೊಳೆದುಕೊಳ್ಳುವ ಮರ್ಯಾದಸ್ತ! ಅವನ ಕರದಂಟು ತಿಂದ ಬಾಯಿಗೆ ನಾನೇ ಉಗುಳಿಕೊಳ್ಳಬೇಕು ಅನಿಸಿತು.

"ಮೇಡಂ, ಈಗ ಏನಂತ ಬರೀಲಿ?" ಅಮಸಿದ್ದಪ್ಪ ತಲೆ ಕೆರೆದುಕೊಂಡ. "ಇವನ್ನ ಬಿಡಬೇಕಂದ್ರ ಸುಮಾನ ಹೆಸರ ಬರೀಬೇಕು. ಕೊಲೆ ಪ್ರಯತ್ನ ಅಂತ."

"ಬರೀಬ್ಯಾಡ್ರಿ," ಎಂದ ರಾಜಮಹ್ಮದ. "ಕೋರ್ಟಿಗೆ ನಾ ಬರ್ತೇನಿ. ಮೊದಲ ಆಕಿನ್ನ ಉಳಸ್ರಿ. ತಾಳಿ ಸಿಕ್ಕದ್ದು ನನ್ನ ಬಿಟ್ರ ಗೊತ್ತಿದ್ದಾಕಿ ಆಕಿ ಒಬ್ಬಾಕಿ."

"ಇಷ್ಟೊತ್ತನಕ ಒಬ್ಬಾಕಿ," ಎಂದೆ. "ಈಗ ಅವಗೂ ಗೊತ್ತಾತು."

ಬಾಗಿಲ ಕಡೆ ತಿರುಗಿದೆ. ಚೌಕಟ್ಟು ಖಾಲಿ. ಮೆಟ್ಟಿಲ ಮೇಲೆ ಬಿಟ್ಟಿದ್ದ ಚಪ್ಪಲಿ ಇರಲಿಲ್ಲ.

ಪಡಸಾಲೆ ದಾಟಿ ಹೊರಗೆ ಓಡಿದೆ. ಗುಜರಿ ಗಾಡಿಯವನು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. "ಸಾವಕಾರ್ರು ಈಗ ತಮ್ಮ ಗಾಡಿ ಹತ್ತಿ ಹ್ವಾದ್ರಿ. ಬಾಗಲಕೋಟಿ ದಾರಿ ಹಿಡದ್ರು," ಎಂದ.

"ಅಮಸಿದ್ದಪ್ಪ, ಜೀಪು ತರಸು! ಶಂಭು, ನಿನ್ನ ಅವ್ವನ ಹತ್ರ ಕೂಡು, ಎಲ್ಲಿಗೂ ಹೋಗಬ್ಯಾಡ!"

ಮತ್ತೆ ಒಳಗೆ ಬಂದೆ, ನಡುಮನೆಯ ಮೂಲೆಯಲ್ಲಿ ಫೋನಿತ್ತು. ರಿಸೀವರು ಸರಿಯಾಗಿ ಕುಳಿತಿರಲಿಲ್ಲ. ಹೊರಡುವ ಮೊದಲು ಅವನು ಯಾರಿಗೋ ಮಾತಾಡಿದ್ದಾನೆ. ಎತ್ತಿ, ಕೊನೆಯ ನಂಬರಿಗೇ ಮತ್ತೆ ಹೋಗುವ ಗುಂಡಿ ಒತ್ತಿದೆ. ಆ ಕಡೆ ಎತ್ತಿದ ದನಿ ನನಗೆ ಪರಿಚಯದ್ದು. ಸುಮಾಳ ವಾರ್ಡಿನ ನರ್ಸು.

"ನಾ ಸತ್ಯವ್ವ, ನಿನ್ನೆ ಬಂದಿದ್ನಲ್ಲ. ಸುಮಾ ಹೆಂಗದಾಳ?"

"ಅಯ್ಯ, ಛಲೋ ಸುದ್ದಿ ಐತ್ರಿ! ಮುಂಜಾನಿನ ಎಚ್ಚರ ಆತು. ಎದ್ದು ಕುಂತಾರ. ಈಗಷ್ಟ ಅವರ ಗಂಡ ಫೋನ್ ಮಾಡಿದ್ರು, ಕೊಟ್ಟೆ."

"ಸಿಸ್ಟರ್, ನಾ ಹೇಳೂದ ಕೇಳು. ಅಂವ ಬಂದ್ರ ಒಳಗ ಬಿಡಬ್ಯಾಡ. ಬಾಗಲಾ ಹಾಕು. ನಾವು ಹೊಂಟೇವಿ."

"ಯಾಕ್ರಿ? ಸುಮಾ ಅವರನ ಬಾ ಅಂದಾರಲ್ರಿ. 'ಬರ್ರಿ, ನಿಮ್ಮದೊಂದು ವಸ್ತು ನನ್ನ ಕಡೆ ಐತಿ, ಕೊಡ್ತೇನಿ. ಒಬ್ಬರ ಬರ್ರಿ' ಅಂದ್ರು. ನಕ್ಕೋತ ಮಾತಾಡಿದ್ರು."

ಹೊರಗೆ ಜೀಪಿನ ಹಾರನ್ನು ಕೇಳಿಸಿತು.

"ಈಗ ಏನ್ ಮಾಡಾಕತ್ಯಾಳ ಆಕಿ?"

"ಏನಿಲ್ರಿ, ಸುಮ್ಮನ ಕುಂತಾರ. ಭಾಳ ಶೆಕಿ ಅಂದ್ರು, ಟೇಬಲ್ ಫ್ಯಾನ್ ಮಂಚದ ಹತ್ರ ಸರಿಸಿ ಬಂದೆ. ಹಂಗ ಒಂದ ಚೂರು ವಿಭೂತಿ ಕೇಳಿದ್ರು, ಅದನ್ನೂ ಕೊಟ್ಟೆ. ಹಣಿಗೆ ಹಚ್ಕೋತಾರ ಅಂದ್ಕೊಂಡಿದ್ದೆ ನೋಡ್ರಿ. ಎಡಗೈ ಬೆರಳಿಗೆ ತಿಕ್ಕೋತ ಕುಂತಾರ."